ಲೈಸೆನ್ಸ್ ತಿರುಗಿ ಬಂತು, ಇನ್ಶೂರೆನ್ಸ್ ಕೊಡ್ತಾರೇನ್ರಿ?

ಗಾಡಿ-ಗೀಡಿ: ಓದುಗರ ಪ್ರಶ್ನೆ, ಹಳೇ ಕ್ಲೇಮ್ ಗುಮಾಸ್ತನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ಗಂಟನ್ನು ಬಿಚ್ಚಲು ಕೇಳಿವೆ. ಲೈಸೆನ್ಸ್ ಅಮಾನತಾಗಿತ್ತು, ಅವಧಿ ಮುಗಿದು ವಾಪಸ್ ಬಂದಿದೆ, ಈಗ ವಿಮೆಯ ಗತಿ ಏನು? ಕಲಬುರಗಿಯ ಒಂದು ವಿಮಾ ಕಚೇರಿಯಲ್ಲಿ ಕ್ಲೇಮ್ ಫೈಲುಗಳ ನಡುವೆ 31 ವರ್ಷ ಕೂತು ಎದ್ದವನು ನಾನು. ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ನನಗೆ ಇನ್ನೊಂದು ಅರ್ಹತೆಯೂ ಇದೆ, ಅದನ್ನು ಮುಂದೆ ಒಪ್ಪಿಕೊಳ್ಳುತ್ತೇನೆ. ಪತ್ರ ಬರೆದವರು ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಸರ್, ನಾನು ಕಲಬುರಗಿಯ ಒಂದು ಹೈಸ್ಕೂಲಿನಾಗ ಗಣಿತ ಹೇಳತೀನಿ. ಸೇಡಂ ರೋಡಿನ್ಯಾಗ ಕಾರ್ ನಡಸ್ತಾ ಫೋನ್ ಕಿವಿಗೆ ಹಿಡಿದಿದ್ದೆ, ಪೊಲೀಸರು ಹಿಡದ್ರು. ಮೇ 20ರಿಂದ ಮೂರು ತಿಂಗಳು ಲೈಸೆನ್ಸ್ ಸಸ್ಪೆಂಡ್ ಆಯ್ತು. ಗಾಡಿ ಬೇವಿನ ಗಿಡದ ಕೆಳಗ ನಿಂತಿತ್ತು. ಅದರ ನಡುವ ಜೂನ್ 2ಕ್ಕ ಇನ್ಶೂರೆನ್ಸ್ ಮುಗೀತು. ನಡಸೂದೇ ಇಲ್ಲ ಅಂದಮ್ಯಾಲ ಯಾಕ ರೊಕ್ಕ ಕಟ್ಟಬೇಕು ಅಂತ ಬಿಟ್ಟೆ. ಈಗ ಲೈಸೆನ್ಸ್ ಬಂದದ. ಏಜೆಂಟರನ್ನ ಕೇಳಿದ್ರ, 'ಸಸ್ಪೆಂಡ್ ಆದವರಿಗೆ ಯಾವ ಕಂಪನಿನೂ ಕೊಡೂದಿಲ್ಲ ಮೇಡಂ, ನಾ ಒಳಗ ಮಾತಾಡಿ ಮಾಡಸ್ತೀನಿ, ಬೋನಸ್ ಸಿಗಂಗಿಲ್ಲ, ಮ್ಯಾಲ ನಾಲ್ಕು ಸಾವಿರ ಲೋಡಿಂಗ್ ಬೀಳತದ, ಎಲ್ಲಾ ಸೇರಿ 16,500' ಅಂದ. ಐದು ವರ್ಷ ಒಂದೂ ಕ್ಲೇಮ್ ಮಾಡಿಲ್ಲ. ಇನ್ನೊಂದು ಖರೇ ಮಾತು ಹೇಳಬೇಕು: ನಡುವ ನಮ್ಮ ಮನೆಯವರು ಎರಡು ಸಲ ಗಾಡಿ ತಗದಾರ, ಒಂದ್ಸಲ ಹುಣ್ಣಿಮೆಗೆ ಗಾಣಗಾಪುರಕ್ಕ, ಇನ್ನೊಂದ್ಸಲ ರಾತ್ರಿ ದವಾಖಾನಿಗೆ. ಅವರ ಲೈಸೆನ್ಸ್ ಬರೋಬ್ಬರಿ ಅದ. ಇದೆಲ್ಲಾ ಫಾರ್ಮಿನ್ಯಾಗ ಹೇಳಬೇಕೇನ್ರಿ?

ಉತ್ತರ: ಅಕ್ಕೋರೇ, ನಿಮ್ಮ ಪತ್ರ ನನ್ನ ಕೈಗೆ ಬಂದದ್ದು ಆಗಸ್ಟ್ 22ಕ್ಕೆ. ಓದಿದವನೇ ಪಂಚಾಂಗ ನೋಡಿದೆ, ಆಮೇಲೆ ಫೋನ್ ಮಾಡಿದೆ. ಪತ್ರಿಕೆ ಅಚ್ಚಾಗಿ ನಿಮ್ಮ ಮನೆಗೆ ಬರುವತನಕ ಸುಮ್ಮನಿದ್ದಿದ್ದರೆ ನಿಮ್ಮ ಐದು ವರ್ಷದ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಕಂತಿನಲ್ಲಿ ಸಿಗುವ ರಿಯಾಯಿತಿ, ಮಣ್ಣುಪಾಲಾಗುತ್ತಿತ್ತು. ಫೋನಿನಲ್ಲಿ ಹೇಳಿದ್ದನ್ನೇ ಉಳಿದವರಿಗೂ ಬೇಕಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಏಜೆಂಟನ ಮಾತು. ಸಸ್ಪೆಂಡ್ ಆದವರಿಗೆ ಯಾವ ಕಂಪನಿಯೂ ಕೊಡುವುದಿಲ್ಲ ಅನ್ನುವುದು ಸುಳ್ಳು. ನಮ್ಮ ದೇಶದಲ್ಲಿ ಕಾರಿನ ವಿಮೆ ಗಾಡಿಯ ಮೇಲೆ ನಿಂತಿದೆ. ಇಂಜಿನ್ನಿನ ಸಿಸಿ ಎಷ್ಟು, ಗಾಡಿಗೆ ವಯಸ್ಸೆಷ್ಟು, ಇವತ್ತಿನ ಬೆಲೆ ಎಷ್ಟು, ಯಾವ ವಲಯದ ನೋಂದಣಿ, ಹಿಂದೆ ಕ್ಲೇಮ್ ಆಗಿದೆಯೇ, ಇವುಗಳ ಮೇಲೆ ಪ್ರೀಮಿಯಂ. ಕೆಎ-32 ನಂಬರಿನ ಗಾಡಿ ಬಿ ವಲಯಕ್ಕೆ ಸೇರುತ್ತದೆ, ಬೆಂಗಳೂರು, ಹೈದರಾಬಾದಿನವು ಎ ವಲಯಕ್ಕೆ. ಒಡತಿ ಮೇ ತಿಂಗಳಲ್ಲಿ ಫೋನ್ ಹಿಡಿದು ಸಿಕ್ಕಿಬಿದ್ದಳೋ ಇಲ್ಲವೋ ಎಂಬುದಕ್ಕೆ ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಯ ವಿಮೆಯ ದರದಲ್ಲಿ ಜಾಗವೇ ಇಲ್ಲ. ಆ ದರ ಸರ್ಕಾರವೇ ಗೊತ್ತುಮಾಡಿದ್ದು. 2022ರ ಜೂನ್ 1ರಿಂದ ಜಾರಿಯಾದ ಪಟ್ಟಿಯಂತೆ ಖಾಸಗಿ ಕಾರು 1000 ಸಿಸಿ ಒಳಗಿದ್ದರೆ 2,094 ರೂಪಾಯಿ, 1000ದಿಂದ 1500ರ ತನಕ 3,416, ಅದಕ್ಕೂ ಮೇಲಾದರೆ 7,897. ಓನ್ ಡ್ಯಾಮೇಜ್, ಅಂದರೆ ನಮ್ಮ ಗಾಡಿಗೇ ಆದ ಹಾನಿಯ ಭಾಗದ ದರವನ್ನು 2007ರಿಂದ ಆಯಾ ಕಂಪನಿಗಳ ಕೈಗೆ ಬಿಟ್ಟಿದ್ದಾರೆ, ಹಾಗಾಗಿ ಅಲ್ಲಿ ಹೆಚ್ಚು ಕಡಿಮೆ ಇರುತ್ತದೆ. ಅದಕ್ಕೇ ಮೂರು ಕಡೆ ಕೇಳಬೇಕು. 'ಲೋಡಿಂಗ್', ಅಂದರೆ ಅಪಾಯ ಹೆಚ್ಚೆಂದು ಹಾಕುವ ಹೆಚ್ಚುವರಿ ಕಂತು, ಎಂದವನಿಗೆ, ಆ ನಾಲ್ಕು ಸಾವಿರವನ್ನು ಪಾಲಿಸಿಯ ಪ್ರೀಮಿಯಂ ಪಟ್ಟಿಯಲ್ಲಿ ಬೇರೆ ಸಾಲಾಗಿ ಬರೆಸಿಕೊಡು ಎಂದು ಹೇಳಿ ನೋಡಿ. ಅವನು ಆಮೇಲೆ ನಿಮ್ಮ ಫೋನ್ ಎತ್ತುವುದಿಲ್ಲ.

ಇನ್ನು ಬೋನಸ್. ನೋ ಕ್ಲೇಮ್ ಬೋನಸ್ ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ 20, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50 ಶೇಕಡಾ. ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ ಸಿಗುತ್ತದೆ, ಥರ್ಡ್ ಪಾರ್ಟಿಗೆ ಇಲ್ಲ. ಪಾಲಿಸಿ ಮುಗಿದ 90 ದಿನದೊಳಗೆ ನವೀಕರಿಸಿದರೆ ಅದು ಉಳಿಯುತ್ತದೆ, ತೊಂಬತ್ತೊಂದನೆಯ ದಿನ ಸೊನ್ನೆ. ನೀವು ಗಣಿತದವರು, ಲೆಕ್ಕ ನಿಮಗೇ ಬಿಟ್ಟೆ: ಜೂನ್ 2ರ ನಡುರಾತ್ರಿಯಿಂದ ಎಣಿಸಿದರೆ ಆಗಸ್ಟ್ 31ಕ್ಕೆ ತೊಂಬತ್ತು. ನಾನು ಫೋನ್ ಮಾಡಿದ ದಿನ 81 ಆಗಿತ್ತು. ಏಜೆಂಟ್ 'ಬೋನಸ್ ಸಿಗಂಗಿಲ್ಲ' ಎಂದದ್ದು ಗೊತ್ತಿಲ್ಲದೇನೋ, ಗೊತ್ತಿದ್ದೋ, ನಾನು ಹೇಳಲಾರೆ. ಆದರೆ ಅವನ ಮಾತು ಕೇಳಿ ನೀವು ಹತ್ತು ದಿನ ತಲೆ ಕೆಡಿಸಿಕೊಂಡು ಕೂತಿದ್ದರೆ ಆ ಮಾತು ನಿಜವಾಗಿಬಿಡುತ್ತಿತ್ತು.

ಫೋನಿನಲ್ಲೇ ನಾವಿಬ್ಬರೂ ಕಾಗದ ಹಿಡಿದು ಕೂತೆವು. ನಿಮ್ಮ 1200 ಸಿಸಿ ಗಾಡಿಗೆ ಒಂದು ಕಂಪನಿ ಓನ್ ಡ್ಯಾಮೇಜ್ 7,200 ಹೇಳಿತ್ತು. ಐವತ್ತು ಶೇಕಡಾ ಹೋದರೆ 3,600. ಥರ್ಡ್ ಪಾರ್ಟಿ 3,416 ಕೂಡಿಸಿದರೆ 7,016. ಅದರ ಮೇಲೆ 18 ಶೇಕಡಾ ಜಿಎಸ್‌ಟಿ, ಒಟ್ಟು 8,279. ಮಾಲೀಕ-ಚಾಲಕರ ಅಪಘಾತ ವಿಮೆಯ ಕಂತು ಇದರಲ್ಲಿ ಸೇರಿಲ್ಲ. ಏಜೆಂಟನ 16,500 ಹೇಗೆ ಬಂತು ಅಂದರೆ, ಬೋನಸ್ ತೆಗೆದುಹಾಕಿ 7,200ಕ್ಕೆ 3,416 ಸೇರಿಸಿ, ಜಿಎಸ್‌ಟಿ ಹಾಕಿ 12,527, ಅದಕ್ಕೆ ತನ್ನ ನಾಲ್ಕು ಸಾವಿರ. ಬರೋಬ್ಬರಿ ಕೂಡುತ್ತದೆ ನೋಡ್ರಿ. ಅವನೂ ಗಣಿತದಲ್ಲಿ ಹುಷಾರಿದ್ದಾನೆ.

ಅವಧಿ ಮುಗಿದ ಪಾಲಿಸಿಯನ್ನು ಎಬ್ಬಿಸುವಾಗ ಕಂಪನಿಯವರು ಗಾಡಿಯ ತಪಾಸಣೆ ಕೇಳುತ್ತಾರೆ, ಹಳೇ ಪೆಟ್ಟನ್ನು ಹೊಸ ಪಾಲಿಸಿಗೆ ಹಚ್ಚಬಾರದಲ್ಲ. ಸರ್ವೇಯರ್ ಮನೆಗೆ ಬರುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ನಾಲ್ಕೂ ದಿಕ್ಕಿನ ಫೋಟೊ, ವಿಡಿಯೋ ಕಳಿಸಲು ಹೇಳುತ್ತಾರೆ. ಚಾಸಿ ನಂಬರು, ಓಡೋಮೀಟರು ಚೆನ್ನಾಗಿ ಕಾಣಬೇಕು. ದಯವಿಟ್ಟು ಗಾಡಿಯನ್ನು ನಡೆಸಿಕೊಂಡು ಅವರ ಆಫೀಸಿಗೆ ಹೋಗಬೇಡಿ. ಸೂಪರ್ ಮಾರ್ಕೆಟಿನ ಜನಜಂಗುಳಿಯಲ್ಲಿ ಯಾವುದೋ ಬೈಕ್ ತಾಗಿದರೆ ವಿಮೆ ಮಾಡಿಸಲು ಹೊರಟವರು ವಿಮೆ ಇಲ್ಲದೆ ಸಿಕ್ಕಿಬೀಳುತ್ತೀರಿ. ನಿಮ್ಮ ಗಾಡಿಯ ಬಲಗಡೆ ಬಾಗಿಲಿಗೆ ಗೇಟ್ ತಾಗಿದ ಗೀರು ಇದೆ ಎಂದಿರಿ. ಇರಲಿ, ಬರೆಸಿಬಿಡಿ, ಒಂದು ಗೀರಿಗೆ ಯಾರೂ ವಿಮೆ ಇಲ್ಲ ಎನ್ನುವುದಿಲ್ಲ.

ಈಗ ಗಾಣಗಾಪುರದ ವಿಷಯ. ನಿಮ್ಮ ಮನೆಯವರ ಲೈಸೆನ್ಸ್ ಸರಿ ಇದ್ದರೂ ಗಾಡಿಗೆ ವಿಮೆ ಇರಲಿಲ್ಲ. ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಗಾಡಿ ರಸ್ತೆಗಿಳಿಯುವ ಹಾಗಿಲ್ಲ, 196ರ ಪ್ರಕಾರ ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳ ತನಕ ಜೈಲು, ಇಲ್ಲವೇ ಎರಡೂ. ದಂಡದ ಮಾತು ಬಿಡಿ, ಎರಡು ಸಾವಿರ ಹೋದರೆ ಹೋಯಿತು. ಗಾಣಗಾಪುರದ ಹಾದಿಯಲ್ಲಿ ಹುಣ್ಣಿಮೆ ದಿನ ಎಷ್ಟು ಮಂದಿ ಕಾಲ್ನಡಿಗೆಯಲ್ಲಿ ಹೋಗುತ್ತಾರೆ ಅನ್ನುವುದು ನಿಮಗೆ ಗೊತ್ತು. ಯಾರಿಗಾದರೂ ತಾಗಿದ್ದರೆ ಪರಿಹಾರ ಪೂರ್ತಿ ನಿಮ್ಮ ಕಿಸೆಯಿಂದ, ಗಾಡಿ ನಿಮ್ಮ ಹೆಸರಿನದು. ಫಾರ್ಮಿನಲ್ಲಿ 'ನಡುವೆ ಯಾರು ಎಲ್ಲಿಗೆ ಹೋಗಿದ್ದರು' ಎಂದು ಯಾರೂ ಕೇಳುವುದಿಲ್ಲ. ಪಾಲಿಸಿ ಯಾವತ್ತು ಮುಗಿಯಿತು, ಅಪಘಾತ ಆಗಿದೆಯೇ, ಕ್ಲೇಮ್ ಆಗಿದೆಯೇ ಎಂದು ಕೇಳುತ್ತಾರೆ. ಲೈಸೆನ್ಸಿನ ಬಗ್ಗೆ ಕೇಳಿದ ಜಾಗವಿದ್ದರೆ ಅಮಾನತು ಆಗಿದ್ದದ್ದನ್ನೂ ಮುಗಿದ ತಾರೀಖನ್ನೂ ಬರೆಯಿರಿ. ಕೇಳಿದ್ದಕ್ಕೆ ಸುಳ್ಳು ಬರೆದರೆ ಮುಂದೊಂದು ದಿನ ಕ್ಲೇಮ್ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಷರಾ ಬೀಳುವುದು ಅಲ್ಲಿಂದಲೇ. ಆ ಷರಾ ನಾನೇ ಎಷ್ಟೋ ಸಲ ಬರೆದಿದ್ದೇನೆ.

ಒಂದು ಮುಖ್ಯ ಕೆಲಸ ನೀವು ಇನ್ನೂ ಮಾಡಿಲ್ಲ ಎಂದಿರಿ. ಕಾರ್ಡು ಕೈಗೆ ಬಂದ ಮಾತ್ರಕ್ಕೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಸರ್ಕಾರದ ಪರಿವಾಹನದ ಸಾರಥಿ ಜಾಲತಾಣದಲ್ಲಿ ಲೈಸೆನ್ಸ್ ನಂಬರು, ಹುಟ್ಟಿದ ದಿನ ಹಾಕಿ ನೋಡಿ, ಅಲ್ಲಿ 'ಆಕ್ಟಿವ್' ಎಂದು ಬರಬೇಕು. ಅವಧಿ ಮುಗಿದರೂ ದಾಖಲೆಯಲ್ಲಿ ಅಮಾನತು ಹಾಗೇ ನಿಂತಿದ್ದರೆ ಕಾಗದ ಹಿಡಿದು ಆರ್‌ಟಿಓಗೆ ಹೋಗಿ ಸರಿಪಡಿಸಿಕೊಳ್ಳಿ. 2019ರ ತಿದ್ದುಪಡಿಯಲ್ಲಿ, ಪೊಲೀಸರು ವಶಪಡಿಸಿಕೊಂಡು ಕಳಿಸಿದ ಲೈಸೆನ್ಸನ್ನು ಮರುತರಬೇತಿ ಮುಗಿಸಿದ ಮೇಲೆಯೇ ಮರಳಿಸಬೇಕೆಂಬ ಮಾತು 19ನೇ ಕಲಮಿಗೆ ಸೇರಿದೆ. ತರಬೇತಿಯ ಚೀಟಿ, ಅಮಾನತಿನ ಆದೇಶ, ಮರಳಿ ಪಡೆದ ದಿನದ ರಸೀದಿ, ಮೂರನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಆರ್‌ಸಿ ಜೊತೆ ಇಡಿ.

ಈಗ ನನ್ನ ಅರ್ಹತೆಯ ಮಾತು. ಅಕ್ಕೋರೇ, ನಾಚಿಕೆ ಪಡಬೇಡಿ. 2018ರಲ್ಲಿ, ರಿಟೈರ್ ಆಗಲು ಎರಡು ವರ್ಷ ಇದ್ದಾಗ, ರಾಮ ಮಂದಿರ ಸರ್ಕಲಿನ ಹತ್ತಿರ ನಾನೂ ಹೀಗೇ ಸಿಕ್ಕಿಬಿದ್ದೆ. ಮನೆಯಿಂದ ಫೋನ್, 'ಬರೂ ಮುಂದ ಪುಂಡಿ ಪಲ್ಯ ತರ್ರಿ' ಎಂದು. 'ಹೂಂ' ಅನ್ನುವಷ್ಟರಲ್ಲಿ ಪೇದೆ ಕೈ ಅಡ್ಡ ಹಿಡಿದ. ಮೂರು ತಿಂಗಳು ಶೇರ್ ಆಟೋದಲ್ಲಿ ಆಫೀಸಿಗೆ ಹೋದೆ, ಏಪ್ರಿಲ್‌ನಿಂದ ಜೂನ್, ಬಿಸಿಲು 42. ನನ್ನ ಕೆಳಗಿನ ಹುಡುಗರು 'ಸಾಹೇಬ್ರ, ಡ್ರೈವರ್ಸ್ ಕ್ಲಾಜ್ ಓದ್ರಿ' ಎಂದು ನಗುತ್ತಿದ್ದರು. ಗಾಡಿ ಯಾರು ನಡೆಸಬಹುದು ಎನ್ನುವ ಪಾಲಿಸಿಯ ಆ ಕಲಮನ್ನು ನಾನೇ ನೂರಾರು ಮಂದಿಗೆ ಓದಿ ಹೇಳಿದ್ದೆ. ಪುಂಡಿ ಪಲ್ಯ ಆವತ್ತು ತರಲೇ ಇಲ್ಲ.

ಆಗ ನನ್ನ ಪಾಲಿಸಿ ಮೇ ತಿಂಗಳಲ್ಲಿ ಮುಗಿಯುವುದಿತ್ತು. ನಾನು ಬಿಡದೆ ಕಟ್ಟಿದೆ, ಗಾಡಿಯನ್ನು ಮಗ ನಡೆಸುತ್ತಿದ್ದ. ಆದರೆ ಒಂದು ಮೂರ್ಖತನ ಮಾಡಿದೆ. ಮಾಲೀಕ-ಚಾಲಕರ ಅಪಘಾತ ವಿಮೆಯ ಕಂತನ್ನೂ ಹಾಗೇ ಕಟ್ಟಿದೆ. ಆ ಕವರ್ ಸಿಗಬೇಕಾದರೆ ಮಾಲೀಕನ ಹತ್ತಿರ ಚಾಲ್ತಿ ಲೈಸೆನ್ಸ್ ಇರಬೇಕು. ಅಮಾನತಿನಲ್ಲಿದ್ದವನಿಗೆ ಅದು ಬೇಡವೇ ಬೇಡ, ಬಿಡಿಸಿ ಎಂದು ಹೇಳಬಹುದಿತ್ತು. ಕ್ಲೇಮ್ ಗುಮಾಸ್ತನಿಗೇ ಹೊಳೆಯಲಿಲ್ಲ. ನಿಮ್ಮದು ತಿರುಗಿ: ಈಗ ಲೈಸೆನ್ಸ್ ಬಂದಿದೆ, ಆದ್ದರಿಂದ ಈ 15 ಲಕ್ಷದ ಕವರನ್ನು ಈಗ ಸೇರಿಸಲೇಬೇಕು. ಬೇರೆ ಗಾಡಿಯ ಮೇಲೋ ಬಿಡಿ ಪಾಲಿಸಿಯಾಗಿಯೋ ನಿಮ್ಮ ಹೆಸರಿನಲ್ಲಿ ಈಗಾಗಲೇ ಇದ್ದರೆ ಎರಡನೇದು ಬೇಕಿಲ್ಲ.

ಮತ್ತೆ ಫೋನ್ ಮಾಡಿ ತಿಳಿಸಿದ್ದಕ್ಕೆ ಸಂತೋಷ: ತಪಾಸಣೆ 24ಕ್ಕೆ ಆಗಿ, 25ರಿಂದ ಪಾಲಿಸಿ ಚಾಲೂ ಆಗಿದೆ, ಬೋನಸ್ ಐವತ್ತೂ ಉಳಿದಿದೆ. ನಡುವಿನ ದಿನಗಳಿಗೆ ಹಿಂದಿನ ತಾರೀಖು ಹಾಕಿಕೊಡಿ ಎಂದು ಕೇಳಿದ್ದಿರಂತೆ. ಅದು ಆಗುವುದಿಲ್ಲ. ರೊಕ್ಕ ಮೊದಲು ಬರಬೇಕು, ಜವಾಬ್ದಾರಿ ಆಮೇಲೆ, ಎಂದು 1938ರ ವಿಮಾ ಕಾಯ್ದೆಯ 64ವಿಬಿ ಕಲಮೇ ಹೇಳುತ್ತದೆ.

ಪ್ರಶ್ನೆ: ಸಾಹೇಬ್ರ, ನೆಹರೂ ಗಂಜಿನ್ಯಾಗ ನಂದು ತೊಗರಿ ದಲಾಲಿ ಅಂಗಡಿ. ಕಾರ್ ನಡಸಲಿಕ್ಕೆ ಒಬ್ಬ ಡ್ರೈವರ್ ಇಟ್ಟೀನಿ, ಆರು ವರ್ಷ ಆಯ್ತು. ಜುಲೈದಾಗ ಜೇವರ್ಗಿ ರೋಡಿನ್ಯಾಗ ಕಟ್ಟಿಸಂಗಾವಿ ಹತ್ತಿರ ಬೈಕಿಗೆ ಹೊಡದಾನ. ಬೈಕಿನವನ ಕಾಲು ಮುರದದ, ನನ್ನ ಗಾಡಿ ಮುಂಭಾಗ ನುಜ್ಜುಗುಜ್ಜು. ಕಂಪನಿಯವರು ಲೈಸೆನ್ಸ್ ತಪಾಸ ಮಾಡಿದ್ರ ಆವತ್ತು ಅದು ಸಸ್ಪೆಂಡ್ ಇತ್ತಂತ. ರಾತ್ರಿ ಯಾರದೋ ಲಾರಿ ಹೊಡೀಲಿಕ್ಕ ಹೋಗಿ ಓವರ್‌ಲೋಡಿನ್ಯಾಗ ಸಿಕ್ಕಿದ್ದನಂತ, ನನಗ ಒಂದ್ ಮಾತೂ ಹೇಳಿಲ್ಲ ಹಲ್ಕಟ್. ಈಗ ಲೈಸೆನ್ಸ್ ತಿರುಗಿ ಬಂದದ. ಬಂದ ಲೈಸೆನ್ಸ್ ತೋರಿಸಿದ್ರ ಕ್ಲೇಮ್ ಆಗ್ತದೇನು? ಗೆಳೆಯರೊಬ್ಬರು 'ಮಗ ನಡಸ್ತಿದ್ದ ಅಂತ ಬರಸು' ಅಂತಾರ.

ಉತ್ತರ: ಸಾವ್ಕಾರ್ರೇ, ಗೆಳೆಯರ ಮಾತನ್ನು ಇವತ್ತೇ ಮರೆತುಬಿಡಿ. ಎಫ್‌ಐಆರ್‌ನಲ್ಲಿ, ಪಂಚನಾಮೆಯಲ್ಲಿ, ಬೈಕಿನವನ ಹೇಳಿಕೆಯಲ್ಲಿ ಡ್ರೈವರನ ಹೆಸರು ಬಂದಿದೆ. ಮಗನ ಹೆಸರು ಹಾಕಿದರೆ ಕ್ಲೇಮ್ ಅಂತೂ ಹೋಗುತ್ತದೆ, ಮಗ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕಾಗುತ್ತದೆ. ಇಂಥ ಎರಡು ಫೈಲು ನನ್ನ ಕಾಲದಲ್ಲಿ ನೋಡಿದ್ದೇನೆ. ಎರಡರಲ್ಲೂ ಸುಳ್ಳು ಹೊರಬಿದ್ದದ್ದು ದವಾಖಾನೆಯ ದಾಖಲೆಯಿಂದ, ಯಾಕೆಂದರೆ ನಿಜವಾಗಿ ನಡೆಸುತ್ತಿದ್ದವನ ಹಣೆಗೆ ಸ್ಟೀರಿಂಗ್ ಬಡಿದು ಹೊಲಿಗೆ ಬಿದ್ದಿತ್ತು.

ತಿರುಗಿ ಬಂದ ಲೈಸೆನ್ಸ್ ಹಿಂದಕ್ಕೆ ಹೋಗಿ ಕೆಲಸ ಮಾಡುವುದಿಲ್ಲ. ಪಾಲಿಸಿಯಲ್ಲಿ ಡ್ರೈವರ್ಸ್ ಕ್ಲಾಜ್ ಎಂದು ಒಂದು ಪ್ಯಾರಾ ಇರುತ್ತದೆ, ಮನೆಗೆ ಹೋಗಿ ತೆಗೆದು ನೋಡಿ. ಅಪಘಾತದ ಹೊತ್ತಿಗೆ ಗಾಡಿ ನಡೆಸುವವನ ಹತ್ತಿರ ಚಾಲ್ತಿ ಲೈಸೆನ್ಸ್ ಇರಬೇಕು ಮತ್ತು ಅದನ್ನು ಹೊಂದಲು ಅವನು ಅನರ್ಹನಾಗಿರಬಾರದು, ಇಷ್ಟೇ ಅದರ ಸಾರ. 'ಅಪಘಾತದ ಹೊತ್ತಿಗೆ' ಅನ್ನುವ ಎರಡು ಶಬ್ದದ ಮೇಲೆ ಎಲ್ಲ ನಿಂತಿದೆ. ಜುಲೈಯಲ್ಲಿ ಅವನು ಅನರ್ಹ, ಸೆಪ್ಟೆಂಬರಿನಲ್ಲಿ ಅರ್ಹ. ಕಂಪನಿಗೆ ಬೇಕಾದದ್ದು ಜುಲೈ.

ಇಲ್ಲಿ ಎರಡು ಹಾದಿ ಬೇರೆಯಾಗುತ್ತವೆ. ಒಂದು ನಿಮ್ಮ ಗಾಡಿಯ ರಿಪೇರಿ. ಅದು ನಿಮಗೂ ಕಂಪನಿಗೂ ಆದ ಕರಾರು, ಕರಾರು ಮುರಿದಿದೆ ಎಂದು ಅವರು ತಳ್ಳಿಹಾಕುತ್ತಾರೆ, ಆ ದುಡ್ಡಿನ ಆಸೆ ಇಟ್ಟುಕೊಳ್ಳಬೇಡಿ ಎಂದು ನೇರವಾಗಿ ಹೇಳುತ್ತೇನೆ. ಆದರೂ ಹೋರಾಡಬೇಕೆಂದಿದ್ದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನ ಕಾಯ್ದು, ಉತ್ತರ ಬರದಿದ್ದರೆ ಅಥವಾ ಬಂದದ್ದು ಒಪ್ಪಿಗೆ ಆಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳುವ ಅಧಿಕಾರಿಯ ಹತ್ತಿರ ಹೋಗಬಹುದು, ಖರ್ಚಿಲ್ಲ, ವಕೀಲರೂ ಬೇಕಿಲ್ಲ. ಆದರೆ ಅಂಗಡಿಯ ಹೆಸರಿನಲ್ಲಿ ಗಾಡಿ ಇದೆಯೋ ನಿಮ್ಮ ಸ್ವಂತ ಹೆಸರಿನಲ್ಲೋ ಮೊದಲು ನೋಡಿಕೊಳ್ಳಿ, ಓಂಬುಡ್ಸ್‌ಮನ್ ಬಾಗಿಲು ಎಲ್ಲ ಬಗೆಯ ವ್ಯಾಪಾರಿ ಸಂಸ್ಥೆಗೂ ತೆರೆದಿಲ್ಲ. ಸುಮ್ಮನೆ ವಿಚಾರಿಸಲು ವಿಮಾ ನಿಯಂತ್ರಣ ಪ್ರಾಧಿಕಾರದ 155255 ನಂಬರಿದೆ.

ಇನ್ನೊಂದು ಬೈಕಿನವನ ಪರಿಹಾರ. ಇದರಲ್ಲಿ ನಿಮಗೆ ಆಧಾರ ಇದೆ. ಸ್ವರಣ್ ಸಿಂಗ್ ಪ್ರಕರಣವೆಂದು ವಕೀಲರು ಹೇಳುವ 2004ರ ಸುಪ್ರೀಂ ಕೋರ್ಟ್ ತೀರ್ಪಿದೆ. ಲೈಸೆನ್ಸ್ ಇಲ್ಲದ ಅಥವಾ ಅನರ್ಹನಾದ ಚಾಲಕ ಎಂದಷ್ಟೇ ತೋರಿಸಿದರೆ ಕಂಪನಿ ಕೈತೊಳೆದುಕೊಳ್ಳುವಂತಿಲ್ಲ, ಮಾಲೀಕ ಗೊತ್ತಿದ್ದೂ ಬಿಟ್ಟಿದ್ದ ಅಥವಾ ನೋಡಬೇಕಾದಷ್ಟು ಎಚ್ಚರ ವಹಿಸಲಿಲ್ಲ ಎಂಬುದನ್ನು ಕಂಪನಿಯೇ ಸಾಬೀತು ಮಾಡಬೇಕು ಎಂದು ಅದು ಹೇಳಿತು. ಸಾಬೀತಾದರೂ ಎಷ್ಟೋ ಸಲ ಕೋರ್ಟು ಕಂಪನಿಗೆ 'ಮೊದಲು ಗಾಯಗೊಂಡವನಿಗೆ ಕೊಡು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೋ' ಎನ್ನುತ್ತದೆ. ಆ 'ಆಮೇಲೆ'ಯಲ್ಲಿ ನೀವು ಸಿಗಬಾರದು ಎಂದರೆ, ನಿಮಗೆ ಅಮಾನತಿನ ವಿಷಯ ಗೊತ್ತಿರಲಿಲ್ಲ ಎಂಬುದಕ್ಕೆ ಕೈಯಲ್ಲಿ ಕಾಗದ ಬೇಕು. ಕೆಲಸಕ್ಕೆ ತೆಗೆದುಕೊಂಡಾಗಿನ ಲೈಸೆನ್ಸ್ ಝೆರಾಕ್ಸ್ ಇದೆಯೇ? ಪಗಾರ ಕೊಟ್ಟ ಲೆಕ್ಕದ ಪುಸ್ತಕ? ಅಮಾನತಿನ ನೋಟಿಸು ಅವನ ಊರಿನ ವಿಳಾಸಕ್ಕೆ ಹೋಗಿತ್ತೇ, ನಿಮ್ಮ ಅಂಗಡಿಗೆ ಬಂದಿರಲಿಲ್ಲವೇ? ಎಲ್ಲ ಹುಡುಕಿ ನಿಮ್ಮ ವಕೀಲರ ಕೈಗೆ ಕೊಡಿ. ಮೋಟಾರು ಅಪಘಾತ ನ್ಯಾಯಮಂಡಳಿ ಇಲ್ಲಿಯ ಕೋರ್ಟಿನಲ್ಲೇ ಇದೆ, ಮೇಲ್ಮನವಿಗೂ ಬೆಂಗಳೂರಿಗೆ ಓಡಬೇಕಿಲ್ಲ, ಕಲಬುರಗಿಯ ಹೈಕೋರ್ಟ್ ಪೀಠ 2013ರಿಂದ ಕಾಯಂ ಆಗಿದೆ. ನೋಟಿಸು ಬಂದರೆ ಸುಮ್ಮನೆ ಕೂರಬೇಡಿ. ಗಂಜಿನ ಸೀಸನ್ ನಡೆದಿದೆ ಎಂದು ಹಾಜರಾಗದೆ ಏಕಪಕ್ಷೀಯ ಆದೇಶ ಮಾಡಿಸಿಕೊಂಡ ಸಾವ್ಕಾರರು ನನಗೆ ಇಬ್ಬರು ಗೊತ್ತು.

ಇನ್ನು ಆ ಡ್ರೈವರ್. ಅನರ್ಹನಾಗಿದ್ದಾಗ ಗಾಡಿ ನಡೆಸಿದ್ದಕ್ಕೆ 182ನೇ ಕಲಮಿನಲ್ಲಿ 10,000 ದಂಡ ಅಥವಾ ಮೂರು ತಿಂಗಳ ತನಕ ಜೈಲು, ಅಥವಾ ಎರಡೂ. ಅವನನ್ನು ಬಿಡಿಸಬೇಕೋ ಇಟ್ಟುಕೊಳ್ಳಬೇಕೋ ನಿಮ್ಮ ಮನಸ್ಸು. ಇಟ್ಟುಕೊಂಡರೆ ತಿಂಗಳಿಗೊಮ್ಮೆ ಪಗಾರ ಕೊಡುವ ದಿನ ಅವನ ಎದುರೇ ಸಾರಥಿಯಲ್ಲಿ ಲೈಸೆನ್ಸ್ ತೆಗೆದು ನೋಡಿ, ಅದರ ಚಿತ್ರ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ತೊಗರಿಯ ತೇವ ನೋಡದೆ ಚೀಲ ತೂಗಿಸುತ್ತೀರೇನು?

ಪ್ರಶ್ನೆ: ಮಾನ್ಯರೇ, ನಾನು ಬ್ಯಾಂಕಿನಿಂದ ನಿವೃತ್ತನಾಗಿ ಬೀದರಿನಲ್ಲಿದ್ದೇನೆ. ಮಗ ಅಮೆರಿಕದ ಟೆಕ್ಸಾಸಿನ ಡಲ್ಲಾಸಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಪಾರ್ಟಿಯಿಂದ ಬರುವಾಗ ಕುಡಿದು ಗಾಡಿ ನಡೆಸಿದ್ದಾನೆಂದು ಶಿಕ್ಷೆಯಾಗಿ ಲೈಸೆನ್ಸ್ ಅಮಾನತಾಗಿತ್ತು. (ಅವನ ತಾಯಿಗೆ ಇನ್ನೂ ಹೇಳಿಲ್ಲ.) ಈಗ ಮರಳಿ ಸಿಗುವ ಹೊತ್ತಿಗೆ ಎಸ್‌ಆರ್-22 ಎಂಬ ವಿಮೆ ಬೇಕೆನ್ನುತ್ತಾರಂತೆ, ಹಳೇ ಕಂಪನಿ ಬೇಡ ಎಂದಿದೆ, ಹೊಸಬರು ಬಹಳ ಹಣ ಕೇಳುತ್ತಾರೆ. ನಾನು ಇಲ್ಲಿಂದ ಅವನ ಭಾರತೀಯ ಲೈಸೆನ್ಸಿನ ಮೇಲೆ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿ ಕಳಿಸಿದರೆ ಅನುಕೂಲವಾದೀತೇ?

ಉತ್ತರ: ರಾಯರೇ, ತಂದೆಯ ಮನಸ್ಸು ಅರ್ಥವಾಗುತ್ತದೆ, ಆದರೆ ಪರ್ಮಿಟ್ ಕಳಿಸಬೇಡಿ. ಅಮಾನತಾದದ್ದು ಅವನ ಕೈಯಲ್ಲಿದ್ದ ಕಾರ್ಡು ಒಂದೇ ಅಲ್ಲ, ಆ ರಾಜ್ಯದ ರಸ್ತೆಯಲ್ಲಿ ಗಾಡಿ ನಡೆಸುವ ಹಕ್ಕೇ. ಬೀದರಿನ ಕಾಗದ ಅದನ್ನು ಬಿಡಿಸಿಕೊಡುವುದಿಲ್ಲ. ಆ ಕಾಗದ ನಂಬಿ ಸ್ಟೀರಿಂಗ್ ಹಿಡಿದರೆ ಎರಡನೇ ಕೇಸು ಬೀಳುತ್ತದೆ, ವೀಸಾದ ಮೇಲೆ ಇರುವ ಹುಡುಗನಿಗೆ ಅದು ಬೇಡ.

ಮೇಲೆ ಅಕ್ಕೋರಿಗೆ ಹೇಳಿದ್ದನ್ನು ಓದಿ ನಿಮ್ಮ ಮಗನಿಗೆ ಹಾಗೇ ದಾಟಿಸಬೇಡಿ, ಅಲ್ಲಿ ಲೆಕ್ಕವೇ ಉಲ್ಟಾ. ನಮ್ಮಲ್ಲಿ ಪ್ರೀಮಿಯಂ ಗಾಡಿಯ ಜಾತಕ ನೋಡಿದರೆ ಅಲ್ಲಿ ಓಡಿಸುವವನ ಜಾತಕ ನೋಡುತ್ತಾರೆ. ಅದಕ್ಕೇ ಹಳೇ ಕಂಪನಿ ಹಿಂದೆ ಸರಿದದ್ದು, ಹೊಸದು ಹೆಚ್ಚು ಕೇಳುತ್ತಿರುವುದು. ಎಸ್‌ಆರ್-22 ಎಂಬುದು ಬೇರೆ ವಿಮೆಯಲ್ಲ. 'ಈ ಮನುಷ್ಯನಿಗೆ ಕಾನೂನು ಹೇಳಿದಷ್ಟು ವಿಮೆ ನಮ್ಮಲ್ಲಿ ಇದೆ' ಎಂದು ಕಂಪನಿಯೇ ರಾಜ್ಯ ಸರ್ಕಾರಕ್ಕೆ ಸಲ್ಲಿಸುವ ಪ್ರಮಾಣಪತ್ರ. ನೀವು ಬ್ಯಾಂಕಿನವರು, ಗ್ಯಾರಂಟಿ ಪತ್ರ ಎಂದರೆ ತಟ್ಟನೆ ತಿಳಿಯುತ್ತದೆ. ಟೆಕ್ಸಾಸಿನಲ್ಲಿ ಕನಿಷ್ಠ ಹೊಣೆ ವಿಮೆ ಒಬ್ಬ ಗಾಯಾಳುವಿಗೆ 30,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 60,000, ಆಸ್ತಿ ಹಾನಿಗೆ 25,000. ಶಿಕ್ಷೆಯಾದ ದಿನದಿಂದ ಎರಡು ವರ್ಷ ಈ ಪ್ರಮಾಣಪತ್ರ ಕಡಿಯದೆ ಇರಬೇಕು. ಬೇರೆ ಅನೇಕ ರಾಜ್ಯಗಳಲ್ಲಿ ಇದು ಮೂರು ವರ್ಷ, ಆದ್ದರಿಂದ ಬೇರೆ ಊರಿನ ಗೆಳೆಯರ ಅನುಭವ ಕೇಳಿ ಗಾಬರಿಯಾಗಬೇಡಿ ಎನ್ನಿ.

ಅವನು ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಬೇಕು. ಕಂತು ತಪ್ಪಿ ಪಾಲಿಸಿ ರದ್ದಾದರೆ ಅದೇ ಕಂಪನಿ ಸರ್ಕಾರಕ್ಕೆ ತಿಳಿಸುತ್ತದೆ, ಲೈಸೆನ್ಸ್ ಮತ್ತೆ ಅಮಾನತಿಗೆ ಹೋಗಬಹುದು. ಅದಕ್ಕೇ ಬ್ಯಾಂಕಿನಿಂದ ತಾನೇ ಕಡಿತವಾಗುವ ಹಾಗೆ ಮಾಡಲಿ. ಕಂಪನಿ ಬದಲಿಸುವುದಾದರೆ ಹೊಸದು ಪ್ರಮಾಣಪತ್ರ ಸಲ್ಲಿಸಿದ ಮೇಲೆಯೇ ಹಳೆಯದನ್ನು ಬಿಡಲಿ. ಸದ್ಯ ಗಾಡಿ ಮಾರಿದ್ದಾನೆ ಎಂದು ಬರೆದಿದ್ದೀರಿ. ಸ್ವಂತ ಗಾಡಿ ಇಲ್ಲದವರಿಗೂ ಅಲ್ಲಿ ನಾನ್-ಓನರ್ ಪಾಲಿಸಿ ಎಂದು ಸಿಗುತ್ತದೆ, ಅದರ ಮೇಲೂ ಎಸ್‌ಆರ್-22 ಸಲ್ಲಿಸುತ್ತಾರೆ. ಎರಡು ವರ್ಷ ಬಸ್ಸು ರೈಲಿನಲ್ಲಿ ಓಡಾಡಿಕೊಂಡಿದ್ದರೆ ಅದೇ ಕಿಸೆಗೆ ಹಗುರ. ಎಲ್ಲರೂ ಬೇಡ ಎಂದರೆ ಟೆಕ್ಸಾಸ್ ಆಟೊಮೊಬೈಲ್ ಇನ್ಶೂರೆನ್ಸ್ ಪ್ಲಾನ್ ಅಸೋಸಿಯೇಷನ್ ಎಂಬ ಏರ್ಪಾಡಿದೆ, ಕನಿಷ್ಠ ಎರಡು ಕಂಪನಿ ನಿರಾಕರಿಸಿದವರಿಗೆ ಅದರ ಮೂಲಕ ಒಂದು ಕಂಪನಿಯನ್ನು ಗೊತ್ತುಮಾಡಿಕೊಡುತ್ತಾರೆ. ದರ ಹೆಚ್ಚು, ಆದ್ದರಿಂದ ಅದು ಕೊನೆಯ ಬಾಗಿಲು.

ನಡುವೆ ಒಂದು ಮಾತು. ಅಲ್ಲಿ ರಕ್ತದಲ್ಲಿ ಮದ್ಯದ ಮಿತಿ 0.08 ಶೇಕಡಾ. ನಮ್ಮಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03. ರಜೆಗೆ ಬಂದಾಗ 'ಡಲ್ಲಾಸಿನಲ್ಲಿ ಇಷ್ಟು ನಡೀತಿತ್ತು' ಎಂದು ಬೀದರಿನ ರಸ್ತೆಯಲ್ಲಿ ಲೆಕ್ಕ ಹಾಕದಿರಲಿ. ತಾಯಿಗೆ ಹೇಳುವ ವಿಷಯ ನನ್ನ ಅಂಕಣದ ವ್ಯಾಪ್ತಿಗೆ ಬರುವುದಿಲ್ಲ, ಆದರೂ ಈ ಪತ್ರಿಕೆ ನಿಮ್ಮ ಮನೆಗೆ ಬರುತ್ತದೆ ಎಂಬುದನ್ನು ನೆನಪಿಡಿ.

ಚಿಕ್ಕ ಉತ್ತರಗಳು

ಆಳಂದದ ಕಾಲೇಜು ಹುಡುಗನಿಗೆ: ಹೌದಪ್ಪಾ, ಹೆಲ್ಮೆಟ್ ಇಲ್ಲದ್ದಕ್ಕೂ ಮೂರು ತಿಂಗಳ ಅನರ್ಹತೆ ಕಾಯ್ದೆಯಲ್ಲೇ ಇದೆ, 194ಡಿ. ದಂಡ ಕಟ್ಟಿ ರಸೀದಿ ತಗೊಂಡರೆ ಎಲ್ಲ ಮುಗಿಯಿತೆಂದು ತಿಳಿಯಬೇಡ. ಆರ್‌ಟಿಓ ನೋಟಿಸು ಬಂದರೆ ಹೋಗಿ ನಿನ್ನ ಮಾತು ಹೇಳು, ಹೇಳಿಕೊಳ್ಳಲು ಅವಕಾಶ ಕೊಡಲೇಬೇಕು. ಆದೇಶ ಸರಿಯಿಲ್ಲ ಅನ್ನಿಸಿದರೆ ಮೇಲ್ಮನವಿಗೆ 30 ದಿನ ಇದೆ.

ಅಫಜಲಪುರದ ಓದುಗರಿಗೆ: ಹಳೇ ಕಾರು ಮಾರಿದರೆ ಬೋನಸ್ ಕೊಂಡವನಿಗೆ ಹೋಗುವುದಿಲ್ಲ, ಅದು ನಿಮ್ಮದು. ಕಂಪನಿಯಿಂದ ಬೋನಸ್ ಪತ್ರ ಬರೆಸಿಕೊಂಡು ಹೊಸ ಕಾರಿಗೆ ಹಚ್ಚಿಕೊಳ್ಳಿ.

ಯಾದಗಿರಿಯ ಓದುಗರಿಗೆ: ನೀಲಿ ಶಾಯಿಯ ಅಂತರ್ದೇಶೀಯ ಪತ್ರ ಸಿಕ್ಕಿತು, ಈಗಲೂ ಅದರಲ್ಲಿ ಬರೆಯುವವರು ಇದ್ದಾರಲ್ಲ ಎಂದು ಖುಷಿಯಾಯಿತು. ಗಾಡಿಯ ನಂಬರು ಎರಡು ಸಲ ಬರೆದಿದ್ದೀರಿ, ಪ್ರಶ್ನೆ ಬರೆಯುವುದು ಮರೆತಿದ್ದೀರಿ. ಎಂಪರಿವಾಹನ ಆ್ಯಪಿನಲ್ಲಿ ಆ ನಂಬರು ಹಾಕಿ ನೋಡಿದೆ. ವಿಮೆ ಮುಗಿದು ಹನ್ನೊಂದು ದಿನ ಆಗಿದೆ. ಪ್ರಶ್ನೆ ಅದೇ ಆಗಿದ್ದರೆ, ಇವತ್ತೇ ಹೋಗಿ ಮಾಡಿಸಿ, ಗಾಡಿ ಮನೆಯಲ್ಲೇ ಬಿಟ್ಟು ಹೋಗಿ.